ಗಂಟಲ ಹತ್ತಿರ ಯಾಕೆ ಕೊಯ್ತಾರೆ? ಅಲ್ಲಿಂದ ಶುರು ಮಾಡಿ

ನಮಸ್ಕಾರ ಡಾಕ್ಟ್ರೇ,

ಕತ್ತಿನ ಮೂಳೆಗೆ ಪೆಟ್ಟಾದಾಗ ಮಾಡುವ ಆಪರೇಷನ್‌ಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ವಿಷಯ ನಮಗೆ ಬೇಕೇ ಬೇಕು. ಮಂಗಳೂರು, ಉಡುಪಿ ಕಡೆ ಅಡಿಕೆ ಮರ, ತೆಂಗಿನ ಮರ ಹತ್ತುವವರು ಎಷ್ಟು ಜನ! ಹಾಗಾಗಿ ತಿದ್ದಿ ಕಳಿಸಿ.

ಮೊದಲ ಎರಡು ಪುಟ ಪೂರ್ತಿ ತೆಗೆಯಿರಿ. ಪರೀಕ್ಷೆಯ ಉತ್ತರಪತ್ರಿಕೆ ಓದಿದ ಹಾಗಾಯಿತು. ಕತ್ತಿನಲ್ಲಿ ಮೂಳೆಯ ಏಳು ಮಣಿ, ನಡುವೆ ಮೆತ್ತೆಯಂಥ ಡಿಸ್ಕ್, ಒಳಗೆ ನರದ ಹುರಿ. ಓದುಗರಿಗೆ ಇಷ್ಟು ಸಾಕು.

ಆಸ್ಪತ್ರೆಯ ವರಾಂಡದಲ್ಲಿ ಕೂತ ಮನೆಯವರು ಕೇಳುವುದು ಬೇರೆಯೇ. "ಬೆನ್ನುಮೂಳೆ ಇರುವುದು ಹಿಂದೆ, ಗಂಟಲ ಹತ್ತಿರ ಯಾಕೆ ಕೊಯ್ತಾರೆ?" ಇದಕ್ಕೆ ಉತ್ತರ ನಿಮ್ಮ ಆರನೇ ಪುಟದಲ್ಲಿ ಒಂದೇ ಸಾಲಿನಲ್ಲಿದೆ. ಅದನ್ನೇ ಬೆಳೆಸಿ. ಡಿಸ್ಕ್ ಅಥವಾ ಒಡೆದ ಮಣಿಯ ಚೂರು ಹುರಿಯನ್ನು ಮುಂದಿನಿಂದ ಒತ್ತುತ್ತಿದೆ ಅಂದುಕೊಳ್ಳಿ. ಹಿಂದಿನಿಂದ ಹೋದರೆ ಹುರಿಯೇ ಅಡ್ಡ. ಅದನ್ನು ಸರಿಸುವ ಹಾಗಿಲ್ಲ. ಮುಂದಿನಿಂದ ಹೋದರೆ ಶ್ವಾಸನಾಳ, ಅನ್ನನಾಳವನ್ನು ಒಂದು ಬದಿಗೆ, ದೊಡ್ಡ ರಕ್ತನಾಳವನ್ನು ಇನ್ನೊಂದು ಬದಿಗೆ ಸರಿಸಿ ದಾರಿ ಮಾಡಿಕೊಳ್ಳಬಹುದು. ಸ್ನಾಯುವಿಗೆ ಪೆಟ್ಟು ಕಡಿಮೆ. ಡಿಸ್ಕ್ ತೆಗೆದ ಜಾಗಕ್ಕೆ ಸೊಂಟದ ಮೂಳೆಯ ತುಂಡನ್ನೋ ಕೇಜ್ ಎಂಬ ಟೊಳ್ಳು ಬಿಲ್ಲೆಯನ್ನೋ ಇಟ್ಟು, ಪ್ಲೇಟು, ಸ್ಕ್ರೂ ಹಾಕುತ್ತಾರೆ. ಆಮೇಲೆ ಕೆಲವರಿಗೆ ಸ್ವರ ಒಡೆಯುತ್ತದೆ, ಗಂಜಿ ನುಂಗಲೂ ಕಷ್ಟವಾಗುತ್ತದೆ. ಹೆಚ್ಚಿನವರಿಗೆ ದಿನ ಕಳೆದಂತೆ ಸರಿಹೋಗುತ್ತದೆ. ಇದನ್ನು ನೀವು ಬರೆದೇ ಇಲ್ಲ. ಮನೆಯವರು ಗಾಬರಿಯಾಗುವುದು ಇದಕ್ಕೇ ಅಲ್ವಾ?

ಹಿಂದಿನ ದಾರಿ ಯಾವಾಗ ಅಂತಲೂ ಹೇಳಿ. ಹಲವು ಮಣಿಗಳನ್ನು ಒಟ್ಟಿಗೆ ಬಿಗಿಯಬೇಕಾದಾಗ, ಅಥವಾ ಜಾರಿದ ಕೀಲು ತಲೆಗೆ ತೂಕ ಕಟ್ಟಿ ಎಳೆದರೂ ಜಾಗಕ್ಕೆ ಬರದಾಗ. ಅಲ್ಲಿ ಸ್ನಾಯು ಬಿಡಿಸಿಕೊಂಡು ಹೋಗಬೇಕು, ನೋವು ಜಾಸ್ತಿ. ಆಪರೇಷನ್ ಇಲ್ಲದೆ, ಬರೀ ಕತ್ತಿನ ಪಟ್ಟಿಯಲ್ಲೇ (ಕಾಲರ್) ಕೂಡಿಕೊಳ್ಳುವ ಮುರಿತಗಳೂ ಇವೆ. ಅವಕ್ಕೂ ಎರಡು ಸಾಲು ಇರಲಿ.

ಮುಂದಿನ ದಾರಿಯನ್ನು ರೂಢಿಗೆ ತಂದ 1950ರ ದಶಕದ ಸರ್ಜನ್‌ಗಳಾದ ಸ್ಮಿತ್, ರಾಬಿನ್ಸನ್, ಕ್ಲೋವರ್ಡ್ ಎಲ್ಲರೂ ನಿಮ್ಮ ಲೇಖನದಲ್ಲಿ ಬಂದಿದ್ದಾರೆ. ಮುಂಬೈಯ ನರಶಸ್ತ್ರಚಿಕಿತ್ಸಕ ಅತುಲ್ ಗೋಯಲ್ ಯಾಕಿಲ್ಲ? ಮೇಲಿನ ಎರಡು ಮಣಿಗಳನ್ನು ಹಿಂದಿನಿಂದ ಸ್ಕ್ರೂ, ಪ್ಲೇಟಿನಲ್ಲಿ ಬಿಗಿಯುವ ಅವರ ವಿಧಾನ 1994ರಲ್ಲೇ ಪ್ರಕಟವಾಗಿದೆ. ನಮ್ಮ ಪಕ್ಕದವರನ್ನೇ ಬಿಟ್ಟರೆ ಹೇಗೆ?

"ಆಪರೇಷನ್ ಆದರೆ ಕೈಕಾಲು ಮೊದಲಿನ ಹಾಗಾಗುತ್ತದೆ" ಎಂಬ ವಾಕ್ಯವನ್ನು ನಾನೇ ಹೊಡೆದುಹಾಕಿದ್ದೇನೆ. ಆಪರೇಷನ್ ಒತ್ತಡ ತೆಗೆಯುತ್ತದೆ, ಮೂಳೆ ಅಲುಗದಂತೆ ಹಿಡಿಯುತ್ತದೆ. ಹರಿದ ಹುರಿಯನ್ನು ಜೋಡಿಸುವುದಿಲ್ಲ. ಚೇತರಿಕೆ ಎಷ್ಟು ಎಂಬುದು ಹೆಚ್ಚಾಗಿ ಪೆಟ್ಟಿನ ಮೇಲೆ ನಿಂತಿದೆ. ಒತ್ತಡ ಹೆಚ್ಚು ಹೊತ್ತು ಉಳಿದರೆ ಹುರಿಗೆ ಇನ್ನಷ್ಟು ಪೆಟ್ಟು. ಸಾಧ್ಯವಾದರೆ 24 ಗಂಟೆಯೊಳಗೆ ಒತ್ತಡ ತೆಗೆಯಬೇಕು ಅನ್ನುವುದು ಅದಕ್ಕೇ. ಈ ಸುಳ್ಳು ಭರವಸೆಯ ಜಾಗದಲ್ಲಿ, ಮರದಿಂದ ಬಿದ್ದವನನ್ನು ರಿಕ್ಷಾದಲ್ಲಿ ಕೂರಿಸಬೇಡಿ, ಕತ್ತು ಅಲುಗಿಸಬೇಡಿ, 108ಕ್ಕೆ ಫೋನ್ ಮಾಡಿ ಅಂತ ಬರೆಯಿರಿ.

ಎಂಟುನೂರು ಪದ ದಾಟಬೇಡಿ. ಆಪರೇಷನ್ ಥಿಯೇಟರಿನ ರಕ್ತದ ಫೋಟೊ ಬೇಡ, ಮುಂದಿನ ದಾರಿ ತೋರಿಸುವ ಒಂದು ಗೆರೆಚಿತ್ರ ಕಳಿಸಿ.