ಟೀಚರ್ ಧ್ವನಿ ಮತ್ತು ಫೋನಿನ ನಂಬರು

ಶಾಂತಾ ಟೀಚರ್ ಅಂತ ಕರೆಯೋಣ. ಹೆಸರು ಬದಲಿಸಿದ್ದೇನೆ, ಊರು ಹಾಸನದ ಆಸುಪಾಸು ಅಂದರೆ ಸಾಕು. ಶಾಲೆ ಬಿ.ಎಂ. ರಸ್ತೆಗೆ ಅಂಟಿಕೊಂಡಿದೆ. ಲಾರಿ ಸದ್ದಿನ ಮೇಲೆ ಮಗ್ಗಿ ಹೇಳಿಸಿ ಹೇಳಿಸಿ ಧ್ವನಿ ಗೊಗ್ಗರಾಗಿತ್ತು. ಧ್ವನಿ ತಂತುಗಳ ಮೇಲೆ ಸಣ್ಣ ಗಂಟುಗಳಿವೆ, ಮೊದಲು ಥೆರಪಿ ಮಾಡಿಸಿ ಅಂತ ಇಎನ್‌ಟಿ ಡಾಕ್ಟರು ಧ್ವನಿ ಥೆರಪಿ ಕೊಡುವ ನನ್ನ ಹತ್ತಿರ ಕಳಿಸಿದ್ದರು.

ಆರು ವಾರ ಚೆನ್ನಾಗಿಯೇ ನಡೆಯಿತು. ಏಳನೇ ವಾರ ಅಳುಮುಖ ಹಾಕಿಕೊಂಡು ಬಂದರು. ಫೋನಿನ ಯಾವುದೋ ಆಪ್‌ನಲ್ಲಿ ದಿನಾ ಬೆಳಿಗ್ಗೆ 'ಆ...' ಅಂತ ಎಳೆದು, ಬಂದ ಜಿಟರ್, ಶಿಮರ್ ಅಂಕಿಗಳನ್ನು ಹಾಜರಿ ಹಾಕಿದ ಹಾಗೆ ನೋಟ್‌ಬುಕ್ಕಿನಲ್ಲಿ ಬರೆದಿದ್ದರು.

"ಮೇಡಂ, ನಮ್ಮನೆಯವ್ರು ಧ್ವನಿ ತಿಳಿಯಾಗಿದೆ ಅಂತಾರೆ. ಇಲ್ಲಿ ನೋಡಿದ್ರೆ ನಂಬರ್ ಏರ್ತಾನೇ ಇದೆ. ಸಮಾಧಾನಕ್ಕೆ ಸುಮ್ನೆ ಹೇಳ್ತಿದ್ದಾರೆ, ಅಲ್ವಾ?"

ತಂತುಗಳು ಸೆಕೆಂಡಿಗೆ ಎಷ್ಟೋ ಸಲ ಅದುರುತ್ತವೆ. ಒಂದು ಸಲಕ್ಕೂ ಮುಂದಿನ ಸಲಕ್ಕೂ ಹಿಡಿಯುವ ಸಮಯದಲ್ಲಿನ ಏರುಪೇರು ಜಿಟರ್. ಸದ್ದಿನ ಬಲದಲ್ಲಿನ ಏರುಪೇರು ಶಿಮರ್. ಕಡಿಮೆ ಇದ್ದಷ್ಟೂ ಒಳ್ಳೆಯದು ಅನ್ನುವುದು ಲೆಕ್ಕ.

"ಮೊದಲ ವಾರ ಹೇಗೆ ಎಳೆದಿದ್ರಿ, ತೋರಿಸಿ" ಅಂದೆ. ಪ್ರಾರ್ಥನೆಗೆ ಮಕ್ಕಳನ್ನು ಕೂಗುವ ಗಂಟಲಲ್ಲಿ 'ಆ' ಅಂದರು. ಈಗ ಹೇಗೆ ಅಂದರೆ, ಮೆಲ್ಲಗೆ. ಅಲ್ಲೇ ಇತ್ತು ಗುಟ್ಟು. ಧ್ವನಿ ತಗ್ಗಿಸಿದರೆ ಈ ಎರಡೂ ಅಂಕಿಗಳು ಏರುತ್ತವೆ, ಜೋರು ಮಾಡಿದರೆ ಇಳಿಯುತ್ತವೆ. ಒತ್ತಿ ಕೂಗಬೇಡಿ ಅಂತ ಕಲಿಸಿದವಳು ನಾನೇ. ಜೊತೆಗೆ ಅವರು ರೆಕಾರ್ಡ್ ಮಾಡುತ್ತಿದ್ದದ್ದು ಅಡುಗೆಮನೆಯಲ್ಲಿ, ಪಕ್ಕದಲ್ಲಿ ಮಿಕ್ಸಿ! ಧ್ವನಿಯ ಅಲೆ ಹೆಚ್ಚುಕಡಿಮೆ ಕ್ರಮವಾಗಿ ಇದ್ದಾಗ ಮಾತ್ರ ಜಿಟರ್ ನಂಬಿ ಅಂತ ಅಮೆರಿಕದ ಧ್ವನಿ ವಿಜ್ಞಾನಿ ಇಂಗೊ ಟಿಟ್ಜೆ 1995ರಲ್ಲೇ ಎಚ್ಚರಿಸಿದ್ದರು. ಆಪ್ ಅದನ್ನೆಲ್ಲ ಹೇಳುವುದಿಲ್ಲ.

ಆದರೆ ಗಂಡನ ಮೇಲಿನ ಅನುಮಾನ ಪೂರ್ತಿ ತಪ್ಪಲ್ಲ. ದಿನಾ ಕೇಳುವ ಕಿವಿ ಒಗ್ಗಿಹೋಗುತ್ತದೆ. ನನ್ನ ಕಿವಿಯೂ ಅಷ್ಟೇ. ಥೆರಪಿ ಕೊಟ್ಟವಳಿಗೆ ಗುಣ ಕೇಳಿಸಲೇಬೇಕಲ್ಲ! ಹಾಗಾಗಿ ಟೀಚರ್ ಒಪ್ಪಿಗೆ ಪಡೆದು, ಹಳೆಯ, ಹೊಸ ಓದಿನ ತುಣುಕುಗಳನ್ನು ಕಲಸಿ, ಅದೇ ಅಂಕ ಬರುತ್ತದಾ ನೋಡಲು ಎರಡು ತುಣುಕನ್ನು ಇನ್ನೊಮ್ಮೆ ಸೇರಿಸಿ, ಅವರನ್ನು ಕಂಡೇ ಇರದ ಸಹೋದ್ಯೋಗಿಗೆ ಕೇಳಿಸಿದೆ. ನಾವು ಬಳಸುವುದು ಜಪಾನಿನಿಂದ ಬಂದ ಗ್ರಬಾಸ್, ಕಿವಿಯಿಂದ ಕೇಳಿ ಅಂಕ ಕೊಡುವ ಅಳತೆ. ಒಟ್ಟು ದೋಷ, ಒರಟು, ಗಾಳಿ ಸೋರಿಕೆ, ನಿಶ್ಶಕ್ತಿ, ಬಿಗಿತ, ಐದಕ್ಕೂ 0ಯಿಂದ 3. ಒಟ್ಟು ದೋಷ 2ರಿಂದ 1ಕ್ಕೆ ಇಳಿದಿತ್ತು. ಮತ್ತೆ ಸೇರಿಸಿದ ತುಣುಕುಗಳಿಗೂ ಅದೇ ಅಂಕ ಬಂತು. ಬಿಗಿತದ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೆ ಜಗಳ. ಅದು ಯಾವಾಗಲೂ ಇರುವುದೇ.

ಟೀಚರಿಗೆ ಹೇಳಿದ್ದು ಇಷ್ಟು. ಆಪ್ ತೆಗೆದುಹಾಕಿ. ಎರಡು ವಾರಕ್ಕೊಮ್ಮೆ ನನ್ನ ಕೋಣೆಯಲ್ಲೇ, ಅದೇ ಮೈಕು, ಅದೇ ದೂರ, ಅದೇ ಜೋರಿನಲ್ಲಿ ರೆಕಾರ್ಡ್ ಮಾಡೋಣ. 'ಆ' ಒಂದೇ ಅಲ್ಲ, ಪಾಠವನ್ನೂ ಓದಿ, ಮಾತಿನಲ್ಲೇ ಜಾಸ್ತಿ ಗೊತ್ತಾಗುವುದು. ಮನೆಯಲ್ಲಿ ಬರೆಯಲೇಬೇಕು ಅನಿಸಿದರೆ ಕೊನೆಯ ಪೀರಿಯಡ್ ಮುಗಿದಾಗ ಗಂಟಲು ಹೇಗಿತ್ತು ಅಂತ ಒಂದು ಸಾಲು ಬರೆಯಿರಿ. ತರಗತಿಗೆ ಕೊರಳಿಗೆ ಹಾಕುವ ಸಣ್ಣ ಮೈಕ್ ತೆಗೆದುಕೊಳ್ಳಿ. ಗಂಟು ಕರಗಿದೆಯೋ ಇಲ್ಲವೋ ನಂಬರೂ ಹೇಳದು, ನನ್ನ ಕಿವಿಯೂ ಹೇಳದು. ಅದಕ್ಕೆ ಇಎನ್‌ಟಿ ಡಾಕ್ಟರು ಮತ್ತೆ ಸ್ಕೋಪ್ ಹಾಕಿ ನೋಡಬೇಕು.

"ವಾರಕ್ಕೊಂದ್ಸಲ ಆಪ್ ನೋಡ್ಲಾ ಮೇಡಂ?" ಅಂದರು ಬಾಗಿಲ ಹತ್ತಿರ ನಿಂತು. ಬೇಡ ಅಂದೆ.