ತೇಲಿದ್ದೆಲ್ಲ ಸೂಪರ್‌ಕಂಡಕ್ಟರ್ ಅಲ್ಲ, ಮೇಷ್ಟ್ರೇ

ದಾವಣಗೆರೆ ಕಡೆಯ ಪಿಯು ಕಾಲೇಜೊಂದರ ಭೌತಶಾಸ್ತ್ರ ಉಪನ್ಯಾಸಕರು ನಮಗೆ ಉದ್ದದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುತ್ತಿಲ್ಲ. ಪತ್ರದ ಸಾರ ಹೀಗಿದೆ:

"ನಿಮ್ಮ ವಿಜ್ಞಾನ ಪುಟಕ್ಕೆ ಎಲ್ಲದರ ಮೇಲೂ ಅನುಮಾನ. 2023ರಲ್ಲಿ ಕೊರಿಯಾದವರು ಎಲ್‌ಕೆ-99 ಎಂಬ ಸೂಪರ್‌ಕಂಡಕ್ಟರ್ ಮಾಡಿದ್ದೇವೆ ಅಂದಾಗ ಊರೆಲ್ಲ ಕುಣಿಯಿತು. ನೀವು ಮೂಲೆಯಲ್ಲೊಂದು ಸಣ್ಣ ಸುದ್ದಿ ಹಾಕಿ ಕೈತೊಳೆದುಕೊಂಡಿರಿ. 2018ರಲ್ಲಿ ನಮ್ಮ ಬೆಂಗಳೂರಿನ ಐಐಎಸ್‌ಸಿಯವರೇ ಅಂಥದ್ದೊಂದು ಹೇಳಿದಾಗಲೂ ಇದೇ ಕಥೆ. ಹೊರಗಿನವರು ಹೇಳಿದರೆ ನಂಬುತ್ತೀರಿ, ನಮ್ಮವರು ಹೇಳಿದರೆ ಮೂಗು ಮುರಿಯುತ್ತೀರಿ. ಆ ತೇಲುವ ಕಲ್ಲಿನ ವಿಡಿಯೊ ಇವತ್ತಿಗೂ ಫಾರ್ವರ್ಡ್ ಆಗುತ್ತಲೇ ಇದೆ. 'ಸರ್, ಇದು ನಿಜಾನಾ' ಅಂತ ಹುಡುಗರು ಕೇಳುತ್ತಾರೆ. ಏನು ಹೇಳಲಿ? ಅವರಲ್ಲಿರುವ ಅಷ್ಟಿಷ್ಟು ಉತ್ಸಾಹಕ್ಕೂ ತಣ್ಣೀರು ಎರಚಲೇ?"

ಮೇಷ್ಟ್ರೇ, ನಮಸ್ಕಾರ.

ಮೊದಲು ಒಂದು ಸಣ್ಣ ತಕರಾರು. ಹೊರಗಿನವರು ಹೇಳಿದರೆ ನಂಬುತ್ತೀರಿ ಅಂತೀರಿ. ಅದೇ ಉಸಿರಿನಲ್ಲಿ ಕೊರಿಯಾದವರನ್ನು ಮೂಲೆಗೆ ಹಾಕಿದಿರಿ ಅಂತಲೂ ಅಂತೀರಿ. ಎರಡೂ ಒಟ್ಟಿಗೆ ಹೇಗೆ ಸಾಧ್ಯ? ಇರಲಿ. ನಿಮ್ಮ ಹುಡುಗರ ಪ್ರಶ್ನೆ ಮಾತ್ರ ದೊಡ್ಡದು. ಅದಕ್ಕೇ ಇಷ್ಟು ಜಾಗ ಕೊಡುತ್ತಿದ್ದೇನೆ.

ಬೇರೆ ಓದುಗರಿಗಾಗಿ ಎರಡು ಮಾತು. ಸಾಮಾನ್ಯ ತಂತಿಯಲ್ಲಿ ಕರೆಂಟ್ ಹರಿದರೆ ತಂತಿ ಬಿಸಿಯಾಗುತ್ತದೆ, ಒಂದಷ್ಟು ಶಕ್ತಿ ದಾರಿಯಲ್ಲೇ ಹಾಳಾಗುತ್ತದೆ. ಕರೆಂಟಿಗೆ ತಂತಿ ಒಡ್ಡುವ ಈ ಅಡ್ಡಿಗೆ ರೋಧ ಅಂತ ಹೆಸರು. ಸೂಪರ್‌ಕಂಡಕ್ಟರಿನಲ್ಲಿ ಈ ರೋಧ ಕಡಿಮೆಯಲ್ಲ, ಸೊನ್ನೆ. 1911ರಲ್ಲಿ ನೆದರ್ಲೆಂಡ್ಸಿನ ಲೈಡನ್‌ನಲ್ಲಿ ಕಾಮರ್ಲಿಂಗ್ ಓನ್ನೆಸ್ ಅವರು ಪಾದರಸದಲ್ಲಿ ಇದನ್ನು ಮೊದಲು ಕಂಡರು. ಅದೂ ಮೈನಸ್ 269 ಡಿಗ್ರಿಯಲ್ಲಿ! ತೊಂದರೆಯೆಲ್ಲ ಈ ಚಳಿಯದೇ. ಇವತ್ತು ಆಸ್ಪತ್ರೆಯ ಎಂಆರ್‌ಐ ಯಂತ್ರದೊಳಗೆ ಇರುವುದೂ ಸೂಪರ್‌ಕಂಡಕ್ಟರ್ ಸುರುಳಿಯೇ. ಅದನ್ನು ದ್ರವ ಹೀಲಿಯಂನಲ್ಲಿ ಅದ್ದಿಟ್ಟಿರುತ್ತಾರೆ. ಸ್ಕ್ಯಾನ್ ದುಬಾರಿಯಾಗಲು ಅದೂ ಒಂದು ಕಾರಣ. ಇದೇ ಕೆಲಸ ನಮ್ಮ ಕೋಣೆಯ ಬಿಸಿಯಲ್ಲೇ ಆಗುವಂತಿದ್ದರೆ? ಆ ಆಸೆಗೆ ನೂರು ವರ್ಷ ದಾಟಿದೆ. ಅದಕ್ಕೇ ಯಾರಾದರೂ "ಸಿಕ್ಕಿತು" ಅಂದ ಕೂಡಲೇ ಎಲ್ಲರ ಕಿವಿ ನೆಟ್ಟಗಾಗುತ್ತದೆ. ನನ್ನದೂ ಆಗುತ್ತದೆ.

ಈಗ ಎಲ್‌ಕೆ-99. 2023ರ ಜುಲೈ 22ರಂದು ದಕ್ಷಿಣ ಕೊರಿಯಾದ ಸೋಲ್ ನಗರದ ತಂಡವೊಂದು ಎರಡು ಪ್ರಬಂಧಗಳನ್ನು ಅಂತರ್ಜಾಲಕ್ಕೆ ಹಾಕಿತು. ಯಾವ ಪರಿಣತರೂ ಪರಿಶೀಲಿಸಿರದ ಕರಡು ಪ್ರತಿಗಳು. ಹೆಸರಿನ ಎಲ್ ಮತ್ತು ಕೆ ಅಂದರೆ ಲೀ ಮತ್ತು ಕಿಮ್, 99 ಅಂದರೆ ಅವರು ಇದರ ಬೆನ್ನು ಹತ್ತಿದ 1999. ನೂರು ಡಿಗ್ರಿ ದಾಟಿದರೂ, ಸಾಮಾನ್ಯ ಗಾಳಿಯ ಒತ್ತಡದಲ್ಲೇ, ಇದು ಸೂಪರ್‌ಕಂಡಕ್ಟರ್ ಅಂತ ಅವರ ವಾದ. ಸೂಪರ್‌ಕಂಡಕ್ಟರ್ ಮತ್ತು ಅಯಸ್ಕಾಂತ ಒಂದನ್ನೊಂದು ದೂರ ತಳ್ಳುತ್ತವೆ, ಹಾಗಾಗಿ ಒಂದು ಇನ್ನೊಂದರ ಮೇಲೆ ತೇಲಬಲ್ಲದು. ಅದನ್ನು ತೋರಿಸಲು ಜೊತೆಗೊಂದು ವಿಡಿಯೊ. ಕಪ್ಪನೆಯ ಸಣ್ಣ ಚೂರು ಅಯಸ್ಕಾಂತದ ಮೇಲೆ ಒರಗಿಕೊಂಡು ಅರ್ಧ ತೇಲುತ್ತಿದೆ. ಅರ್ಧ ಅಂದಿದ್ದನ್ನು ಗಮನಿಸಿ. ಒಂದು ತುದಿ ಅಯಸ್ಕಾಂತಕ್ಕೆ ತಗುಲಿಕೊಂಡೇ ಇತ್ತು.

ಇದು ಅಷ್ಟು ಬೇಗ ಹಬ್ಬಿದ್ದಕ್ಕೆ ಮುಖ್ಯ ಕಾರಣ ಆ ವಿಡಿಯೊ ಅಲ್ಲ, ಮಾಡುವ ವಿಧಾನ ಅಂತ ನನ್ನ ಲೆಕ್ಕ. ಸೀಸದ ಆಕ್ಸೈಡ್, ಸೀಸದ ಸಲ್ಫೇಟ್, ತಾಮ್ರ, ರಂಜಕ. ಅರೆದು, ಬೆರೆಸಿ, ಗಾಳಿ ತೆಗೆದ ಕೊಳವೆಯಲ್ಲಿಟ್ಟು 925 ಡಿಗ್ರಿಗೆ ಕಾಯಿಸಿದರೆ ಆಯಿತು. ಕೋಟಿಗಟ್ಟಲೆ ಬೆಲೆಯ ಯಂತ್ರ ಬೇಡ. ಕುಲುಮೆ ಇದ್ದವರೆಲ್ಲ ಕೈ ಹಾಕಿದರು. ಕ್ಯಾಲಿಫೋರ್ನಿಯಾದ ಎಂಜಿನಿಯರ್ ಒಬ್ಬರು ತಾವು ಬೇಯಿಸುವುದನ್ನು ನೇರಪ್ರಸಾರವನ್ನೇ ಮಾಡಿದರು. ಕೊರಿಯಾದಲ್ಲಿ ಈ ಸಂಶೋಧನೆಗೆ ಸಂಬಂಧವೇ ಇಲ್ಲದ ಕಂಪನಿಗಳ ಷೇರು ಜಿಗಿಯಿತು. ಅಮೆರಿಕದ ಬರ್ಕ್ಲಿಯ ಲ್ಯಾಬ್‌ನ ವಿಜ್ಞಾನಿಯೊಬ್ಬರು ಎಲ್‌ಕೆ-99ರ ಬಗ್ಗೆ ಕಂಪ್ಯೂಟರ್ ಲೆಕ್ಕಾಚಾರವೊಂದನ್ನು ಪ್ರಕಟಿಸಿ, ಇನ್ನು ಮಾತೇ ಬೇಡ ಎಂಬಂತೆ ಒಬಾಮಾ ಮೈಕ್ ಬೀಳಿಸುವ ಚಿತ್ರವನ್ನು ಅದಕ್ಕೆ ಅಂಟಿಸಿದರು. ಜನ ಲೆಕ್ಕ ಓದಲಿಲ್ಲ, ಮೈಕ್ ನೋಡಿದರು. ಅದು ಸೂಪರ್‌ಕಂಡಕ್ಟರ್ ಅಂತ ತಾನು ಸಾಬೀತು ಮಾಡಿಲ್ಲ ಅಂತ ಆಮೇಲೆ ಆಕೆಯೇ ಸ್ಪಷ್ಟಪಡಿಸಬೇಕಾಯಿತು.

ನಿಮ್ಮ ಹುಡುಗರಿಗೆ ಬಂದಿರುವ ಫಾರ್ವರ್ಡ್ ಇಲ್ಲಿಗೇ ನಿಲ್ಲುತ್ತದೆ, ಅಲ್ವಾ? ನನ್ನ ಸಿಟ್ಟು ಇದರ ಮೇಲೇ. ಯಕ್ಷಗಾನದಲ್ಲಿ ಒಡ್ಡೋಲಗ ಮುಗಿಯುತ್ತಿದ್ದಂತೆ ಎದ್ದು ಮನೆಗೆ ಹೋದ ಹಾಗೆ. ನಿಜವಾದ ಪ್ರಸಂಗ ಶುರುವಾಗುವುದೇ ಆಮೇಲೆ.

ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಆವಾನಾ ಅವರ ತಂಡ ಜುಲೈ ಮುಗಿಯುವುದರೊಳಗೇ ಎಲ್‌ಕೆ-99 ಮಾಡಿ ನೋಡಿತ್ತು. ಅಯಸ್ಕಾಂತದ ಮೇಲಿಟ್ಟರು, ತೇಲಲಿಲ್ಲ. ಸೂಪರ್‌ಕಂಡಕ್ಟರಿನ ಲಕ್ಷಣ ಕಾಣಲಿಲ್ಲ. ಇದನ್ನು ಮೊದಲು ಮಾಡಿ ನೋಡಿ ವರದಿ ಕೊಟ್ಟ ಬೆರಳೆಣಿಕೆಯ ಲ್ಯಾಬ್‌ಗಳಲ್ಲಿ ನಮ್ಮದೂ ಒಂದು. ಈ ಸುದ್ದಿಗೆ ಯಾವ ಟಿವಿಯಲ್ಲೂ ಬ್ರೇಕಿಂಗ್ ಪಟ್ಟಿ ಬಂದದ್ದನ್ನು ನಾನು ನೋಡಲಿಲ್ಲ. ನಮ್ಮವರ ಬಗ್ಗೆ ಹೆಮ್ಮೆ ಪಡಬೇಕು ಅಂತೀರಲ್ಲ, ಇದರ ಬಗ್ಗೆ ಪಡೋಣ.

ಆದರೆ "ನಮಗೆ ಬರಲಿಲ್ಲ" ಅಂದರೆ ಸಾಕಾಗುವುದಿಲ್ಲ. ನೀವು ಸರಿಯಾಗಿ ಮಾಡಿಲ್ಲ ಅಂತ ಎದುರಿನವರು ಹೇಳಬಹುದು. ಹಾಗಾದರೆ ಕೊರಿಯಾದವರು ಕಂಡಿದ್ದೇನು? ಅವರ ಗ್ರಾಫಿನಲ್ಲಿ ಸುಮಾರು 104.8 ಡಿಗ್ರಿಯ ಹತ್ತಿರ ರೋಧ ಧಡಕ್ಕನೆ ಇಳಿದಿತ್ತು. ಅದು ಎಲ್ಲರೂ ನೋಡಿದ ಗ್ರಾಫ್. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಪ್ರಶಾಂತ್ ಜೈನ್ ಅವರ ಕಣ್ಣು ಮಾತ್ರ ಆ ಅಂಕಿಯ ಮೇಲೆ ನಿಂತಿತು. ಇದನ್ನು ಎಲ್ಲೋ ನೋಡಿದ್ದೇನಲ್ಲ! ಅವರು ಮೊದಲಿನಿಂದ ಕೆಲಸ ಮಾಡಿದ್ದು ತಾಮ್ರದ ಸಲ್ಫೈಡ್ ಮೇಲೆ. ತಾಮ್ರದ ಸಲ್ಫೈಡ್ 104 ಡಿಗ್ರಿಯ ಆಸುಪಾಸಿನಲ್ಲಿ ತನ್ನ ಒಳಗಿನ ರಚನೆ ಬದಲಿಸಿಕೊಳ್ಳುತ್ತದೆ. ಆಗ ಅದರ ರೋಧವೂ ಥಟ್ಟನೆ ಬದಲಾಗುತ್ತದೆ.

ಸರಿ, ಎಲ್‌ಕೆ-99ರೊಳಗೆ ತಾಮ್ರದ ಸಲ್ಫೈಡ್ ಎಲ್ಲಿಂದ ಬಂತು? ಕೊರಿಯಾದವರ ಸಮೀಕರಣದಲ್ಲೇ ಇದಕ್ಕೆ ಉತ್ತರ ಇತ್ತು. ಎಡಕ್ಕೂ ಬಲಕ್ಕೂ ಲೆಕ್ಕ ಸರಿಹೊಂದಿಸಿ ನೋಡಿದರೆ, ಒಂದು ಪಾಲು ಎಲ್‌ಕೆ-99 ಹುಟ್ಟುವಾಗ ಹದಿನೇಳು ಪಾಲು ತಾಮ್ರ, ಐದು ಪಾಲು ಗಂಧಕ ಹೆಚ್ಚುವರಿಯಾಗಿ ಉಳಿಯುತ್ತದೆ. ಸಮೀಕರಣ ಸರಿಹೊಂದಿಸುವುದು ಪಿಯು ಪಾಠ, ಮೇಷ್ಟ್ರೇ! ನಿಮ್ಮ ಹುಡುಗರೇ ಕೂತು ಮಾಡಬಹುದಾದ ಲೆಕ್ಕ. ಉಳಿದ ತಾಮ್ರ, ಗಂಧಕ ಅದೇ ಕೊಳವೆಯಲ್ಲಿ ಅದೇ ಬಿಸಿಯಲ್ಲಿ ಸುಮ್ನೆ ಕೂರುತ್ತವೆಯೇ? ಒಂದಕ್ಕೊಂದು ಸೇರಿ ಸಲ್ಫೈಡ್ ಆಗುತ್ತವೆ.

ಬೀಜಿಂಗಿನ ಭೌತಶಾಸ್ತ್ರ ಸಂಸ್ಥೆಯವರು ಈ ಸಲ್ಫೈಡನ್ನೇ ಅಳೆದು ತೋರಿಸಿದರು. ಅದೇ ಬಿಸಿಯಲ್ಲಿ ಅದೇ ಥರದ ಇಳಿತ. ಇಳಿತ ದೊಡ್ಡದೇ, ಆದರೆ ಸೊನ್ನೆಗೆ ಇಳಿಯುವುದಿಲ್ಲ. ಅದೇ ಊರಿನ ಪೀಕಿಂಗ್ ವಿಶ್ವವಿದ್ಯಾಲಯದವರು ಅರ್ಧ ತೇಲುವ ಚೂರುಗಳನ್ನು ಮಾಡಿ ಪರೀಕ್ಷಿಸಿದರು. ಕಬ್ಬಿಣದಲ್ಲಿರುವಂಥ ಕಾಂತಗುಣ ಅದರಲ್ಲಿ ಒಂದಿಷ್ಟಿತ್ತು, ಚೂರಿನ ಆಕಾರವೂ ಸೇರಿಕೊಂಡು ಅದು ಒಂದು ತುದಿಯೂರಿ ಎದ್ದು ನಿಲ್ಲುತ್ತಿತ್ತು. ಕೊನೆಗೆ ಜರ್ಮನಿಯ ಸ್ಟುಟ್‌ಗಾರ್ಟ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಗಂಧಕದ ಸೋಂಕೇ ಇಲ್ಲದಂತೆ ಶುದ್ಧ ಹರಳು ಬೆಳೆಸಿದರು. ಅದು ಕಪ್ಪಗಿರಲಿಲ್ಲ. ನೇರಳೆ ಬಣ್ಣ, ಆಚೆ ಬದಿ ಕಾಣುವಷ್ಟು ಪಾರದರ್ಶಕ. ರೋಧ ಅಳೆದರೆ ದಶಲಕ್ಷಗಟ್ಟಲೆ ಓಮ್! ಸೂಪರ್‌ಕಂಡಕ್ಟರ್ ಬಿಡಿ, ಅದು ಕರೆಂಟನ್ನು ಹತ್ತಿರಕ್ಕೇ ಬಿಟ್ಟುಕೊಳ್ಳದ ಇನ್ಸುಲೇಟರ್.

ಜುಲೈ 22ರಿಂದ ಆಗಸ್ಟ್ ನಡುವಿನೊಳಗೆ ಇಷ್ಟೆಲ್ಲ ಮುಗಿದಿತ್ತು. ದೆಹಲಿ, ಬೀಜಿಂಗ್, ಇಲಿನಾಯ್, ಸ್ಟುಟ್‌ಗಾರ್ಟ್. ಯಾರೂ ಯಾರನ್ನೂ ಕೇಳಿ ಮಾಡಿದ್ದಲ್ಲ. ಇದನ್ನು ಕೇಳಿದ ಹುಡುಗನ ಉತ್ಸಾಹ ಆರಿಹೋಗುತ್ತದೆ ಅಂತ ನೀವು ನಂಬುತ್ತೀರಾ? ನನಗಂತೂ ತೇಲುವ ಕಲ್ಲಿಗಿಂತ ಆ 104.8ರ ಕಥೆಯೇ ಜಾಸ್ತಿ ರುಚಿ.

ಈಗ ಬೆಂಗಳೂರಿನ ಕಥೆಗೆ ಬರೋಣ. ನಿಮಗೆ ನೋವಾಗಿರುವುದು ಅಲ್ಲೇ ಅಂತ ಗೊತ್ತು. 2018ರ ಜುಲೈನಲ್ಲಿ ಐಐಎಸ್‌ಸಿಯ ಅಂಶು ಪಾಂಡೆ ಮತ್ತು ದೇವ್ ಕುಮಾರ್ ಥಾಪಾ ಒಂದು ಕರಡು ಪ್ರಬಂಧ ಹಾಕಿದರು. ಚಿನ್ನದೊಳಗೆ ಬೆಳ್ಳಿಯ ನ್ಯಾನೊ ಕಣಗಳನ್ನು ಕೂರಿಸಿದ್ದೇವೆ, ಮೈನಸ್ 37 ಡಿಗ್ರಿಯಲ್ಲೇ ಸೂಪರ್‌ಕಂಡಕ್ಟರ್ ಆಗುತ್ತದೆ ಅಂತ. ಕೆಲವೇ ವಾರಗಳಲ್ಲಿ ಅಮೆರಿಕದ ಎಂಐಟಿಯ ಭೌತಶಾಸ್ತ್ರಜ್ಞ ಬ್ರಯಾನ್ ಸ್ಕಿನ್ನರ್ ಅದರಲ್ಲಿ ಒಂದು ವಿಚಿತ್ರ ಗಮನಿಸಿದರು. ಒಂದೇ ಗ್ರಾಫಿನಲ್ಲಿ ಹಸಿರು ಚುಕ್ಕಿಗಳ ಸಾಲು ಒಂದು, ನೀಲಿಯದೊಂದು. ಎರಡೂ ಬೇರೆ ಬೇರೆ ಅಳತೆ. ಯಾವ ಅಳತೆಯಲ್ಲೂ ಚುಕ್ಕಿಗಳು ಸ್ವಲ್ಪ ಮೇಲೆ ಕೆಳಗೆ ನಡುಗುತ್ತವೆ, ಆ ನಡುಕಕ್ಕೆ ಲೆಕ್ಕಾಚಾರ ಇರುವುದಿಲ್ಲ. ಇಲ್ಲಿ ಮಾತ್ರ ಹಸಿರು ಹೇಗೆ ನಡುಗಿತ್ತೋ ನೀಲಿಯೂ ಹಾಗೇ ನಡುಗಿತ್ತು.

ಆಗ ನಾನು ಆ ಗ್ರಾಫನ್ನು ದೊಡ್ಡದಾಗಿ ಎರಡು ಪ್ರತಿ ತೆಗೆಸಿ, ಕಿಟಕಿ ಗಾಜಿಗೆ ಒಂದರ ಮೇಲೊಂದು ಹಿಡಿದೆ. ಒಂದು ಹಾಳೆಯನ್ನು ಮೆಲ್ಲಗೆ ಮೇಲಕ್ಕೆ ಸರಿಸುತ್ತಾ ಹೋದರೆ ನೀಲಿ ಸಾಲು ಹಸಿರಿನ ಮೇಲೆ ಬಂದು ಕೂರುತ್ತದೆ. ಏರುವಲ್ಲಿ ಏರು, ತಗ್ಗಿನಲ್ಲಿ ತಗ್ಗು. ಇದನ್ನೂ ತರಗತಿಯಲ್ಲಿ ಮಾಡಿಸಬಹುದು. ಸ್ಕಿನ್ನರ್ ಯಾರನ್ನೂ ಕಳ್ಳ ಅನ್ನಲಿಲ್ಲ, ಇದು ಯಾಕೆ ಹೀಗೆ ಅಂತಷ್ಟೇ ಕೇಳಿದರು. 2019ರ ಮೇನಲ್ಲಿ ಹೆಚ್ಚು ಲೇಖಕರು, ಹೆಚ್ಚು ಮಾಹಿತಿಯೊಂದಿಗೆ ಪರಿಷ್ಕೃತ ಪ್ರಬಂಧ ಬಂತು. ಅದರಲ್ಲಿ 13 ಡಿಗ್ರಿಯವರೆಗೂ ಆಗುತ್ತದೆ ಅಂದಿದ್ದರು. ಆದರೆ ಹೊರಗಿನ ಲ್ಯಾಬ್‌ಗಳು ತಾವೇ ಮಾಡಿ ಕಂಡು, ಜಗತ್ತಿನ ಭೌತಶಾಸ್ತ್ರಜ್ಞರು ಒಪ್ಪುವಂಥ ದೃಢೀಕರಣ ಬಂದಿಲ್ಲ. ಇದನ್ನು ನಾನು ಮೋಸ ಅನ್ನುವುದಿಲ್ಲ. ಮುಖಪುಟದಲ್ಲಿ ಹಾಕುವುದೂ ಇಲ್ಲ.

ಹೊರಗಿನವರಿಗೆ ರಿಯಾಯಿತಿ ಅಂದಿರಲ್ಲ? ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ರಂಗಾ ಡಯಾಸ್ ತಂಡವೂ ಕೋಣೆಯ ಬಿಸಿಯ ಸೂಪರ್‌ಕಂಡಕ್ಟರ್ ಸಿಕ್ಕಿತು ಅಂದಿತ್ತು. ಆ ಪ್ರಬಂಧಗಳು ಬಂದಿದ್ದು 'ನೇಚರ್' ಪತ್ರಿಕೆಯಲ್ಲೇ, ಪರಿಣತರ ಪರಿಶೀಲನೆ ಮುಗಿಸಿಕೊಂಡೇ. 2020ರದ್ದನ್ನು 2022ರಲ್ಲಿ ವಾಪಸ್ ತೆಗೆದರು. 2023ರ ಮಾರ್ಚಿನದ್ದನ್ನು ಅದೇ ನವೆಂಬರಿನಲ್ಲಿ ತೆಗೆದರು, ಅದೂ ಸಹಲೇಖಕರಲ್ಲೇ ಹೆಚ್ಚಿನವರು ಕೇಳಿಕೊಂಡ ಮೇಲೆ. ಅಮೆರಿಕ ಅಂತ ಯಾರೂ ಬಿಡಲಿಲ್ಲ.

ನಮ್ಮವರು ಹೇಳಿದ್ದನ್ನು ಜಗತ್ತು ಕೈ ಚಾಚಿ ತೆಗೆದುಕೊಂಡ ಉದಾಹರಣೆಯೂ ಇದೆ. 1986ರಲ್ಲಿ ಜೂರಿಕ್‌ನ ಬೆಡ್ನೋರ್ಜ್ ಮತ್ತು ಮ್ಯುಲರ್ ತಾಮ್ರದ ಆಕ್ಸೈಡ್ ಇರುವ ಪಿಂಗಾಣಿಯಂಥ ವಸ್ತುವಿನಲ್ಲಿ ಸೂಪರ್‌ಕಂಡಕ್ಟರ್ ಗುಣ ಕಂಡರು. ಯಾರೂ ನಿರೀಕ್ಷಿಸಿರದ ಜಾಗ ಅದು. ಮರುವರ್ಷ ಇಟ್ರಿಯಂ, ಬೇರಿಯಂ, ತಾಮ್ರದ ಆಕ್ಸೈಡ್ ಬಂತು. ವಿಜ್ಞಾನಿಗಳು ಕರೆಯುವುದು ವೈಬಿಸಿಒ ಅಂತ. ಅದಕ್ಕೆ ಮೈನಸ್ 180 ಡಿಗ್ರಿ ಸಾಕು. ಅಂದರೆ ಹೀಲಿಯಂ ಬೇಡ, ಅಗ್ಗದ ದ್ರವ ಸಾರಜನಕವೇ ಸಾಕು. ಮಾಡಿದವರಿಗೆಲ್ಲ ಬಂತು. ಟೋಕಿಯೊದಲ್ಲಿ ಬಂತು, ಬೀಜಿಂಗ್‌ನಲ್ಲಿ ಬಂತು, ಬೆಂಗಳೂರಿನಲ್ಲೂ ಬಂತು. ಆ ಗುಣ ನಿಜವಾಗಿ ಯಾವ ಸಂಯುಕ್ತದ್ದು ಅಂತ ಗುರುತಿಸಿದ ಮೊದಲಿಗರಲ್ಲಿ ಐಐಎಸ್‌ಸಿಯ ಸಿ.ಎನ್.ಆರ್. ರಾವ್ ಅವರ ತಂಡವೂ ಇತ್ತು. ಆ ಪ್ರಬಂಧವನ್ನು 1987ರಲ್ಲಿ 'ನೇಚರ್' ಪ್ರಕಟಿಸಿತು. ಬೆಡ್ನೋರ್ಜ್ ಮತ್ತು ಮ್ಯುಲರ್‌ಗೆ ಅದೇ ವರ್ಷ ನೊಬೆಲ್. ಆಗಲೂ ಜಗತ್ತು ಕುಣಿದಿತ್ತು. ನ್ಯೂಯಾರ್ಕ್‌ನ ಸಭೆಯೊಂದರಲ್ಲಿ ಭೌತಶಾಸ್ತ್ರಜ್ಞರು ಬೆಳಗಿನ ಜಾವ ಮೂರರವರೆಗೂ ಕೂತಿದ್ದರು. ಬೇರೆಯವರೂ ಮಾಡಿ ಕಂಡಿದ್ದರಲ್ಲ, ಆ ಕುಣಿತಕ್ಕೆ ಹಕ್ಕಿತ್ತು.

ಹಾಗಾಗಿ "ನಿಜಾನಾ ಸರ್" ಅಂತ ಕೇಳಿದರೆ "ಬೇರೆ ಯಾರಿಗೆ ಬಂತಂತೆ?" ಅಂತ ತಿರುಗಿ ಕೇಳಿ. ನಮ್ಮ ಪುಟದ ನಿಯಮವೂ ಅದೇ, ಬದಲಿಸುವುದಿಲ್ಲ. ಆದರೆ ನಿಮ್ಮ ಒಂದು ಮಾತು ಒಪ್ಪುತ್ತೇನೆ, ಮೂಲೆಯ ಸಣ್ಣ ಸುದ್ದಿ ಸಾಲದು. ಇನ್ನು ಮೇಲೆ "ಆಗಲಿಲ್ಲ" ಎಂಬ ಸುದ್ದಿಗೂ ದೊಡ್ಡ ಜಾಗ ಕೊಡುತ್ತೇವೆ.

ತೇಲುವುದೇ ಸಾಕ್ಷಿ ಅನ್ನುವ ಹುಡುಗರಿಗೆ ಇನ್ನೊಂದು ಕಥೆ ಹೇಳಿ. 1997ರಲ್ಲಿ ನೆದರ್ಲೆಂಡ್ಸಿನಲ್ಲಿ ಆಂಡ್ರೆ ಗೈಮ್ ಮತ್ತು ಜೊತೆಗಾರರು ಬಲವಾದ ಕಾಂತಕ್ಷೇತ್ರದಲ್ಲಿ ಜೀವಂತ ಕಪ್ಪೆಯನ್ನು ತೇಲಿಸಿದ್ದರು. ಕಪ್ಪೆ ಸೂಪರ್‌ಕಂಡಕ್ಟರ್ ಅಲ್ಲವಲ್ಲ! ನೀರು, ಗ್ರಾಫೈಟ್, ಬಿಸ್ಮತ್ ಎಲ್ಲವನ್ನೂ ಅಯಸ್ಕಾಂತ ತುಸು ದೂರ ತಳ್ಳುತ್ತದೆ.

ನಿಜವಾಗಿ ತೇಲುವುದನ್ನೇ ತೋರಿಸಬೇಕು ಅಂತಿದ್ದರೆ ಅದಕ್ಕೂ ದಾರಿಯಿದೆ. ವೈಬಿಸಿಒ ಬಿಲ್ಲೆಗಳು ಪಾಠಕ್ಕೆಂದೇ ಕಿಟ್ ಆಗಿ ಸಿಗುತ್ತವೆ. ಹತ್ತಿರದ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದಲ್ಲೂ ವಿಚಾರಿಸಿ. ದ್ರವ ಸಾರಜನಕಕ್ಕೆ ಬೆಂಗಳೂರಿಗೆ ಬರಬೇಕಿಲ್ಲ, ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಕೇಳಿ. ದನಗಳ ಕೃತಕ ಗರ್ಭಧಾರಣೆಗೆ ಹೋರಿಯ ವೀರ್ಯ ಕಾಪಿಡುವುದು ಅದರಲ್ಲೇ, ಮೈನಸ್ 196 ಡಿಗ್ರಿಯಲ್ಲಿ. ಡಾಕ್ಟರಿಗೆ ಕಾಲೇಜಿನ ಪತ್ರ ಕೊಟ್ಟು, ಯಾವಾಗ ಹೊಸ ಸರಬರಾಜು ಬರುತ್ತದೆ ಅಂತ ತಿಳಿದುಕೊಂಡು ಹೋಗಿ. ಅವರ ಕೆಲಸಕ್ಕೆ ತೊಂದರೆ ಆಗಬಾರದು. ಥರ್ಮೋಕೋಲ್ ಬಟ್ಟಲಲ್ಲಿ ಬಿಲ್ಲೆಯಿಟ್ಟು ಸಾರಜನಕ ಹೊಯ್ಯಿರಿ, ಕುದಿಯುವುದು ಕಡಿಮೆಯಾದ ಮೇಲೆ ಪುಟ್ಟ ನಿಯೋಡಿಮಿಯಂ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚಿಮುಟದಲ್ಲಿ ಮೇಲಿಡಿ. ಯಾವ ತುದಿಯನ್ನೂ ಊರದೆ ಪೂರ್ತಿ ತೇಲುತ್ತದೆ. ಬೆರಳಲ್ಲಿ ತಿರುಗಿಸಲು ಹುಡುಗರು ಮುಂದೆ ಬರುತ್ತಾರೆ, ಬಿಡಬೇಡಿ, ಚಿಮುಟವನ್ನೇ ಕೊಡಿ. ಕನ್ನಡಕ, ಕೈಗವಸು ಇರಲಿ. ತರುವ ಪಾತ್ರೆಯ ಬಾಯಿ ಬಿಗಿಯಾಗಿ ಮುಚ್ಚಬೇಡಿ, ಕೋಣೆಯ ಕಿಟಕಿಗಳೆಲ್ಲ ತೆರೆದಿರಲಿ. ಫೋಟೊ ಕಳಿಸಿದರೆ ವಿಜ್ಞಾನ ಪುಟದಲ್ಲಿ ಹಾಕುತ್ತೇವೆ. ಆಗಲಾದರೂ ನಿಮ್ಮ ಹೆಸರು ಹಾಕಬಹುದಾ ಅಂತ ತಿಳಿಸಿ.

ಸಂಪಾದಕ