ಶಾಸ್ತ್ರಮೇಳಕ್ಕೆ ಹೋಗುವ ಮೊದಲು: ಕಾಸರಗೋಡಿನಿಂದ ಒಂದು ಉತ್ತರ

ಕಾಸರಗೋಡಿನ ಕನ್ನಡಿಗರು ವಿಜ್ಞಾನ, ವೈದ್ಯ, ಕೃಷಿ ಇಂಥ ವಿಷಯಗಳ ಹೆಸರನ್ನು ಯಾವ ಭಾಷೆಯಲ್ಲಿ ಹೇಳುತ್ತೀರಿ ಎಂದು ಕೇಳಿದ್ದೀರಿ. ಕನ್ನಡ ಉಂಟು, ಮಲಯಾಳ ಉಂಟು, ತುಳು ಉಂಟು, ಇಂಗ್ಲಿಷಂತೂ ಎಲ್ಲ ಕಡೆ ಉಂಟು. ಹೊರಗಿನಿಂದ ಬಂದವರು ಅಪರಿಚಿತ ಶಬ್ದ ಬಂದರೆ ನಿಂತು ಕೇಳುತ್ತಾರೆ, ಅದರಿಂದ ತೊಂದರೆ ಇಲ್ಲ. ಪರಿಚಿತ ಸಂಸ್ಕೃತ ಶಬ್ದ ಬಂದಾಗ ಕೇಳದೆ ಮುಂದೆ ಹೋಗುತ್ತಾರೆ. ಎಡವುವುದು ಅಲ್ಲಿ.

ಇಲ್ಲಿನ ಶಾಲೆಗಳಲ್ಲಿ ವರ್ಷ ವರ್ಷ "ಶಾಸ್ತ್ರಮೇಳ" ನಡೆಯುತ್ತದೆ. ಮೈಸೂರಿನ ಕಿವಿಗೆ ಶಾಸ್ತ್ರ ಎಂದರೆ ಮದುವೆಯ ಶಾಸ್ತ್ರ, ಇಲ್ಲವೆ ಶಾಸ್ತ್ರ ಹೇಳುವವರು. ನಮ್ಮ ಊರ ಹಿರಿಯರಿಗೆ ಮೇಳ ಎಂದರೆ ಮೊದಲು ನೆನಪಾಗುವುದು ಯಕ್ಷಗಾನದ ಮೇಳ. ಆದರೆ ಅದು ಮಕ್ಕಳು ಜ್ವಾಲಾಮುಖಿಯ ಮಾದರಿ, ನೀರಿನ ಪಂಪು ಮಾಡಿ ತಂದಿಡುವ ವಿಜ್ಞಾನ ಪ್ರದರ್ಶನ. ಮಲಯಾಳದಲ್ಲಿ ಶಾಸ್ತ್ರವೆಂದರೆ ವಿಜ್ಞಾನ, ಶಾಸ್ತ್ರಜ್ಞನೆಂದರೆ ವಿಜ್ಞಾನಿ. ರಸಾಯನಶಾಸ್ತ್ರ ಅಲ್ಲಿ ರಸತಂತ್ರವಾಗುತ್ತದೆ, ರಾಜ್ಯಶಾಸ್ತ್ರ ರಾಷ್ಟ್ರಮೀಮಾಂಸೆಯಾಗುತ್ತದೆ, ಭೂಗೋಳ ಭೂಮಿಶಾಸ್ತ್ರವಾಗುತ್ತದೆ. ತಂತ್ರ ಎಂದರೆ ಇಲ್ಲಿ ದೇವಸ್ಥಾನದ ತಂತ್ರಿಗಳ ಕೆಲಸವೂ ಹೌದು. ಹಾಗಾಗಿ ಸಂದರ್ಭ ನೋಡದೆ ಅರ್ಥ ಹಿಡಿಯಲು ಆಗುವುದಿಲ್ಲ.

"ಸಾಂಕೇತಿಕ" ಎಂಬುದನ್ನು ಮಾತ್ರ ಚೆನ್ನಾಗಿ ನೆನಪಿಟ್ಟುಕೊಳ್ಳಿ. ಕನ್ನಡದಲ್ಲಿ ಸಾಂಕೇತಿಕ ಧರಣಿ ಎಂದರೆ ಹೆಸರಿಗಷ್ಟೇ ಕೂತೆದ್ದದ್ದು. ಮಲಯಾಳದಲ್ಲಿ ಸಾಂಕೇತಿಕವೆಂದರೆ ತಾಂತ್ರಿಕ. ಅಲ್ಲಿನ ಸಾಂಕೇತಿಕ ವಿದ್ಯೆ ನಮ್ಮ ತಂತ್ರಜ್ಞಾನ. ಒಂದು ಕಾಮಗಾರಿಗೆ "ಸಾಂಕೇತಿಕ ಅನುಮತಿ" ಸಿಕ್ಕಿತು ಎಂದು ಕಚೇರಿಯಲ್ಲಿ ಹೇಳಿದರೆ ಅದು ಬಾಯುಪಚಾರದ ಅನುಮತಿ ಅಲ್ಲ, ಇಂಜಿನಿಯರ್ ಲೆಕ್ಕ ನೋಡಿ ಕೊಟ್ಟ ಒಪ್ಪಿಗೆ. ಹಾಗೆಯೇ ಉಪನ್ಯಾಸ ಸ್ಪರ್ಧೆ ಎಂದು ಕೇಳಿ ಮಗುವಿಗೆ ಭಾಷಣ ಬಾಯಿಪಾಠ ಮಾಡಿಸಬೇಡಿ. ಮಲಯಾಳದ ಉಪನ್ಯಾಸ ನಮ್ಮ ಪ್ರಬಂಧ, ಕೂತು ಬರೆಯುವಂಥದ್ದು.

ಆಸ್ಪತ್ರೆಯ ಕಡೆಗೆ ಬಂದರೆ "ವಿದಗ್ಧ ಚಿಕಿತ್ಸೆ" ಸಿಗುತ್ತದೆ. ದಗ್ಧ ಎಂದರೆ ಸುಟ್ಟದ್ದು ಎಂದು ಬಲ್ಲವರಿಗೆ ಇದು ಸುಟ್ಟಗಾಯದ ವಿಭಾಗದಂತೆ ಕೇಳಬಹುದು. ವಿದಗ್ಧನೆಂದರೆ ಪರಿಣತ, ಇಂದಿನ ಕನ್ನಡದ ತಜ್ಞ. ಅಪಘಾತವಾದವರನ್ನು ವಿದಗ್ಧ ಚಿಕಿತ್ಸೆಗೆ ಮಂಗಳೂರಿಗೆ ಒಯ್ದರು ಎಂಬ ಮಾತು ಇಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ತಜ್ಞ ವೈದ್ಯರು ಬೇಕಾದರೆ ಕರ್ನಾಟಕದ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗುವುದು ನಮಗೆ ರೂಢಿ. 2020ರ ಮಾರ್ಚ್‌ನಲ್ಲಿ ಕೊರೊನಾಕ್ಕೆಂದು ಆ ಗಡಿ ಮುಚ್ಚಿದಾಗ ಎಷ್ಟು ಮನೆಗಳಲ್ಲಿ ಕಣ್ಣೀರು ಹರಿಯಿತೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ತಜ್ಞ, ವಿದಗ್ಧ ಎಂಬ ಶಬ್ದಗಳ ಹಿಂದೆ ನಮಗೆ ಆ ದಾರಿಯೂ ಇದೆ.

ದನದ ಆಸ್ಪತ್ರೆಗೆ ಸರಕಾರಿ ಫಲಕದಲ್ಲಿ ಮೃಗಾಸ್ಪತ್ರೆ ಎಂದಿರುತ್ತದೆ. ಹಟ್ಟಿಯಲ್ಲಿ ಹೆಸರಿಟ್ಟು ಸಾಕಿದ ದನವನ್ನು ಮೃಗ ಎನ್ನಲು ನಮ್ಮ ಅಜ್ಜಿಯಂದಿರಿಗೆ ಬಾಯಿ ಬರುವುದಿಲ್ಲ. ಅವರು ದನದ ಡಾಕ್ಟ್ರು ಎಂದೇ ಹೇಳುತ್ತಾರೆ, ನೀವೂ ಹಾಗೇ ಹೇಳಿ.

ಇದೆಲ್ಲ ಹೇಗಾಯಿತು ಎಂದರೆ, ಈ ನೆಲ 1956ರವರೆಗೆ ಮದ್ರಾಸಿನ ಕೆಳಗಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ನವೆಂಬರ್ 1ರಂದು ಕೇರಳಕ್ಕೆ ಸೇರಿತು. 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಹೊಸ ವಿದ್ಯೆಗಳಿಗೆ ಹೆಸರಿಡುವಾಗ ಕನ್ನಡದವರೂ ಮಲಯಾಳದವರೂ ಸಂಸ್ಕೃತದ ಒಂದೇ ಕಣಜಕ್ಕೆ ಕೈ ಹಾಕಿದರು, ತೆಗೆದದ್ದು ಬೇರೆ ಬೇರೆ ಕಾಳು. ನಮ್ಮ ಕನ್ನಡ ಬೆಂಗಳೂರಿನ ಪತ್ರಿಕೆಗಳಿಂದ ಬರುತ್ತದೆ, ನಮ್ಮ ಸರಕಾರಿ ಆದೇಶ ತಿರುವನಂತಪುರದಿಂದ ಬರುತ್ತದೆ.

ಇದರ ಭಾರ ಹೊರುವವರು ಕನ್ನಡ ಮಾಧ್ಯಮದ ಮಕ್ಕಳು. ಹತ್ತನೇ ತರಗತಿಯವರೆಗೆ ದ್ಯುತಿಸಂಶ್ಲೇಷಣೆ, ವೇಗೋತ್ಕರ್ಷ ಎಂದು ಕಲಿತು, ಹೈಯರ್ ಸೆಕೆಂಡರಿಯಲ್ಲಿ ಅದನ್ನೇ ಇಂಗ್ಲಿಷಿನಲ್ಲಿ ಓದಿ, ಕೊನೆಗೆ ನೌಕರಿಯ ಕಡತದಲ್ಲಿ ಮಲಯಾಳದ ಹೆಸರು ಕಾಣುತ್ತಾರೆ. ಮಕ್ಕಳು ಭಾಷೆ ಬೇಗ ಹಿಡಿಯುತ್ತಾರೆ, ಮಲಯಾಳ ಕಲಿಯುವುದು ಅವರಿಗೆ ಹೊರೆಯಲ್ಲ. ಕನ್ನಡ ಬಾರದ ಅಧ್ಯಾಪಕರು ಕನ್ನಡ ಮಾಧ್ಯಮದ ತರಗತಿಗೆ ಗಣಿತವನ್ನೋ ಸಮಾಜವನ್ನೋ ಕಲಿಸಲು ಬರುವುದು ಹೊರೆ. ತರಗತಿಯ ಹೊರಗೆ ಹೆತ್ತವರು ಅದಕ್ಕಾಗಿ ಪ್ರತಿಭಟಿಸಿದ್ದು ಇಲ್ಲಿ ಮತ್ತೆ ಮತ್ತೆ ನಡೆದಿದೆ. ಪುಸ್ತಕದಲ್ಲಿರುವ ಶಬ್ದವನ್ನು ಬಾಯಲ್ಲಿ ಹೇಳುವವರೇ ಇಲ್ಲದಿದ್ದರೆ ಆ ಮಗು ವಿಷಯವನ್ನು ಯಾರಲ್ಲಿ ಕೇಳಬೇಕು?

ಇಷ್ಟು ಹೇಳಿದ್ದು ಕಾಗದದ ಶಬ್ದಗಳ ಮಾತು. ತೋಟಕ್ಕೆ, ಗುಡ್ಡಕ್ಕೆ ಹೋದರೆ ಬೇರೆಯೇ ರೀತಿ. ಅಲ್ಲಿ ಜ್ಞ ಎಂಬ ಪ್ರತ್ಯಯವೇ ಬೇಕಾಗುವುದಿಲ್ಲ, ಮಾಡುವ ಕೆಲಸವೇ ಹೆಸರು: ನೀರು ನೋಡುವವರು, ಅಡಿಕೆ ತೆಗೆಯುವವರು, ಮದ್ದು ಬಿಡುವವರು. ಈ ಮದ್ದು ಮನುಷ್ಯರಿಗೆ ಕೊಡುವುದಲ್ಲ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದಂತೆ ಸಿಂಪಡಿಸುವ ಮೈಲುತುತ್ತು ಸುಣ್ಣದ ದ್ರಾವಣ.

ನನಗೆ ಎಲ್ಲಕ್ಕಿಂತ ಹೆಚ್ಚು ಗೌರವ ಸುರಂಗ ತೋಡುವವರ ಮೇಲೆ. ಎಣ್ಮಕಜೆ, ಪಡ್ರೆ, ಬಾಯಾರು ಕಡೆಯ ಮುರಕಲ್ಲಿನ, ಎಂದರೆ ಜಂಬಿಟ್ಟಿಗೆಯ, ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ಸುರಂಗಗಳು ಇವೆ. ಒಬ್ಬರು ಬಗ್ಗಿ ಪಿಕ್ಕಾಸು ಹೊಡೆಯುವಷ್ಟೇ ಜಾಗ. ಯಾವ ಗಿಡ ಇದ್ದರೆ ಒಳಗೆ ಒರತೆ ಇದ್ದೀತು, ಯಾವ ಮಣ್ಣು ಕುಸಿದೀತು, ಒಳಗಿನ ದೀಪ ಮಂಕಾದರೆ ಯಾವಾಗ ಹೊರಗೆ ಬರಬೇಕು, ಇದೆಲ್ಲ ಅವರಿಗೆ ಗೊತ್ತು. ಬೇಕಾದ ಕಡೆಗೆ ನೀರು ತಾನಾಗಿ ಹರಿದು ಬರುವಂತೆ ಇಳಿಜಾರು ಕೊಡುವುದು ಸಣ್ಣ ಲೆಕ್ಕವಲ್ಲ. ಅದು ಭೂವಿಜ್ಞಾನವೂ ಹೌದು, ಜಲವಿಜ್ಞಾನವೂ ಹೌದು. ಆದರೂ ಸಭೆಯಲ್ಲಿ ಅವರನ್ನು ತಜ್ಞರೆಂದು ಕರೆದು ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದು ನಾನು ಕಂಡದ್ದು ತೀರಾ ಕಡಿಮೆ. ಕೊಳವೆಬಾವಿ ಬಂದ ಮೇಲೆ ಈ ಕೆಲಸಕ್ಕೆ ಹೊಸಬರೂ ಕಡಿಮೆ.

ನಿಪುಣರನ್ನು ಹುಡುಕುವುದಾದರೆ ಇಲ್ಲಿ "ಅದರ ತಜ್ಞರು ಯಾರು" ಎಂದು ಕೇಳಬೇಡಿ, ಯಾರೂ ತಮ್ಮನ್ನು ಹಾಗೆ ಹೇಳಿಕೊಳ್ಳುವುದಿಲ್ಲ. "ಇದರ ಕೆಲಸ ಯಾರಿಗೆ ಗೊತ್ತುಂಟು" ಎಂದು ಕೇಳಿ, ಕೂಡಲೇ ಮನೆ ತೋರಿಸುತ್ತಾರೆ. ಕಟ್ಟುವ ಕೆಲಸಕ್ಕೆ ಮೇಸ್ತ್ರಿ, ಮರದ ಕೆಲಸಕ್ಕೆ ಆಚಾರಿ, ಪಾಠಕ್ಕೆ ಮಾಷ್ ಅಥವಾ ಟೀಚರ್. ಇವು ಯಾವ ಭಾಷೆಯವರಿಗೂ ತಿಳಿಯುತ್ತವೆ. ತೆಂಗು, ಅಡಿಕೆಯ ಸಂಶೋಧನಾ ಸಂಸ್ಥೆಗೆ ದಾರಿ ಕೇಳುವುದಾದರೆ ಪೂರ್ತಿ ಹೆಸರು ಬೇಡ, ಸಿಪಿಸಿಆರ್‌ಐ ಎಂದರೆ ಸಾಕು.

ಕಚೇರಿಗೆ ಅರ್ಜಿ ಬರೆಯುವುದಿದ್ದರೆ ಕನ್ನಡದಲ್ಲೇ ಬರೆಯಿರಿ. 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ಆ ಹಕ್ಕು ಕೊಟ್ಟಿದೆ, ಉತ್ತರವೂ ಕನ್ನಡದಲ್ಲಿ ಬರಬೇಕು. ವಿಷಯದ ಹೆಸರು ಬರುವಲ್ಲಿ ಮಾತ್ರ ಕನ್ನಡದ ಶಬ್ದದ ಪಕ್ಕದಲ್ಲಿ ಇಂಗ್ಲಿಷಿನ ಶಬ್ದವನ್ನೂ ಹಾಕಿಬಿಡಿ. ಮೇಜಿನ ಆಚೆ ಕೂತವರು ನಿಮ್ಮ "ಸಾಂಕೇತಿಕ"ವನ್ನು ಅವರ ಅರ್ಥದಲ್ಲಿ ಓದಿಕೊಂಡರೆ ಕಡತ ಬೇರೆ ವಿಭಾಗಕ್ಕೆ ಹೋದೀತು.